ಸಾಧನೆಯ ಕಾಲಂ ಖಾಲಿ ಬಿಟ್ಟ ಗೆಳತಿ

ಮೊಬೈಲಿಗೆ ಒಂದು ಫಾರಂ ಬಂದಿರುತ್ತೆ. ‘ನಮ್ಮ ಬ್ಯಾಚಿನ ಸಮಾಗಮ, ಎಲ್ಲರೂ ತಪ್ಪದೆ ತುಂಬಿ ಕಳಿಸಿ’ ಅಂತ. ಹೆಸರು, ಈಗಿರುವ ಊರು, ಮಕ್ಕಳೆಷ್ಟು, ಸಸ್ಯಾಹಾರಿಯೋ ಮಾಂಸಾಹಾರಿಯೋ... ಅಲ್ಲಿಯವರೆಗೆ ಕೈ ಸರಸರ ಓಡುತ್ತೆ. ಆಮೇಲೆ ಬರುತ್ತೆ ನೋಡಿ ಒಂದು ಕಾಲಂ: ‘ನಿಮ್ಮ ಸಾಧನೆ’.

ನಿಮ್ಮ ಕೈಯೂ ಅಲ್ಲಿ ನಿಂತಿತಾ? ನಿಂತೇ ಇರುತ್ತೆ ಬಿಡಿ. ಬ್ಯಾಂಕಿನಲ್ಲಿ ಮ್ಯಾನೇಜರ್ ಆದವರು, ಪಿಎಚ್‌ಡಿ ಮಾಡಿದವರು, ಅಮೆರಿಕದಲ್ಲಿ ಮನೆ ಕೊಂಡವರು ಬರೆದುಬಿಡುತ್ತಾರೆ. ಹದಿನೆಂಟು ವರ್ಷ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡವಳು ಏನಂತ ಬರೆಯಬೇಕು? ಗಂಡನ ಅಂಗಡಿ ಮುಳುಗಿದಾಗ ಚಕ್ಕುಲಿ, ನಿಪ್ಪಟ್ಟು ಮಾಡಿ ಮಾರಿ ಇಬ್ಬರು ಮಕ್ಕಳನ್ನು ಓದಿಸಿದವಳು? ಅಂಥವಳು ಕಾಲಂ ಖಾಲಿ ಬಿಡುತ್ತಾಳೆ. ಇಲ್ಲವೇ ಫಾರಮ್ಮನ್ನೇ ಕಳಿಸೋದಿಲ್ಲ. ಸಮಾಗಮದ ದಿನ ‘ಅಯ್ಯೋ, ಮನೇಲಿ ನೆಂಟರು ಬಂದುಬಿಟ್ರು ಕಣೇ’ ಅಂತ ಒಂದು ಮೆಸೇಜು. ಆಮೇಲೊಂದು ರಾತ್ರಿ ಸದ್ದಿಲ್ಲದೆ ಗುಂಪಿನಿಂದ ಹೊರಗೆ. ಶಾಲೆಯಲ್ಲಿ ಮೊದಲ ಬೆಂಚಿನಲ್ಲಿ ಕೂತು ನಿಮಗೆಲ್ಲ ಲೆಕ್ಕ ಹೇಳಿಕೊಟ್ಟವಳು ಅವಳೇ ಇರಬಹುದು.

ಹಳೇ ವಿದ್ಯಾರ್ಥಿನಿಯರ ಕೂಟ ಕಟ್ಟುವ ಉತ್ಸಾಹ ಈಗ ನಮ್ಮ ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಜೋರಾಗಿಯೇ ಇದೆ. ರಾಜಾಜಿನಗರದ ಮನೆಗಳಲ್ಲಿ ಬೆಳೆದು, ಬಸ್ ಹಿಡಿದು ಮೆಜೆಸ್ಟಿಕ್ಕಿಗೆ ಹೋಗಿ, ಅಲ್ಲಿಂದ ಶೇಷಾದ್ರಿ ರಸ್ತೆಯ ಮಹಾರಾಣಿ ಕಾಲೇಜಿಗೆ ನಡೆದವರು. ಮನೆ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲೇ ಓದು ಮುಗಿಸಿ ಮದುವೆಯಾದವರು. ವಿಜಯನಗರದಿಂದ ಬಸವೇಶ್ವರನಗರಕ್ಕೆ ಸೊಸೆಯಾಗಿ ಬಂದವರು, ಕೆಂಗೇರಿ ಉಪನಗರದಲ್ಲಿ ಸೈಟು ಸಿಕ್ಕಿತೆಂದು ಅತ್ತ ಹೋದವರು. ಮಕ್ಕಳ ಜವಾಬ್ದಾರಿ ಮುಗಿದು ಈಗ ಎಲ್ಲರಿಗೂ ಒಂಚೂರು ಪುರುಸೊತ್ತು. ಒಬ್ಬರನ್ನೊಬ್ಬರು ಹುಡುಕಿಕೊಳ್ಳುತ್ತಿದ್ದಾರೆ. ಒಂದೇ ಬಣ್ಣದ ಸೀರೆ, ಒಂದು ಪಾರ್ಟಿ ಹಾಲ್, ನೂರಾರು ಫೋಟೊ. ಸಂತೋಷವೇ. ಆದರೆ ಆ ಹಾಲಿಗೆ ಬಾರದೆ ಉಳಿದವಳ ಮಾತು ನಿಮ್ಮಲ್ಲಿ ಯಾರಾದರೂ ಎತ್ತಿದರಾ?

ಸೋದರಿಯರ ಕೂಟ ಹುಟ್ಟಿದ್ದು

ಅಮೆರಿಕದ ಕಾಲೇಜುಗಳಲ್ಲಿ ‘ಸೊರಾರಿಟಿ’ ಅಂತ ಇರುತ್ತೆ, ನಿಮ್ಮ ಮಗಳೋ ಸೊಸೆಯೋ ಹೇಳಿದ್ದಾಳು. ಲ್ಯಾಟಿನ್ನಿನಲ್ಲಿ ಸೊರಾರ್ ಅಂದರೆ ಸೋದರಿ. 1851ರಲ್ಲಿ ಜಾರ್ಜಿಯಾ ರಾಜ್ಯದ ವೆಸ್ಲಿಯನ್ ಕಾಲೇಜಿನ ಹುಡುಗಿಯರು ಕಟ್ಟಿಕೊಂಡ ಕೂಟ ಇವುಗಳ ಪೈಕಿ ಮೊದಲನೆಯದು. ಒಮ್ಮೆ ಸೇರಿದರೆ ಅದು ಜೀವನಪೂರ್ತಿಯ ಸದಸ್ಯತ್ವ. ಓದು ಮುಗಿದ ಮೇಲೂ ಊರೂರಲ್ಲಿ ಹಳೇ ಸದಸ್ಯೆಯರ ಶಾಖೆ ಇರುತ್ತೆ.

ಇವುಗಳಲ್ಲಿ ಶೋಕಿಗೇನೂ ಕಡಿಮೆ ಇಲ್ಲ. ಬಣ್ಣ, ಅಂತಸ್ತು, ಅಪ್ಪನ ಜೇಬು ನೋಡಿ ಸೇರಿಸಿಕೊಳ್ಳುವ ಕೂಟಗಳೆಂದು ಬೈಸಿಕೊಂಡಿದ್ದೂ ಉಂಟು. ಆದರೆ ಒಳಗೆ ಬಿಡದೆ ಹೊರಗೆ ನಿಲ್ಲಿಸಿದ್ದ ಕರಿಯ ಹುಡುಗಿಯರು ಏನು ಮಾಡಿದರು ನೋಡಿ. 1908ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ತಮ್ಮದೇ ‘ಆಲ್ಫಾ ಕಪ್ಪಾ ಆಲ್ಫಾ’ ಕಟ್ಟಿದರು. 1913ರಲ್ಲಿ ಅಲ್ಲೇ 22 ಹುಡುಗಿಯರು ಸೇರಿ ‘ಡೆಲ್ಟಾ ಸಿಗ್ಮಾ ಥೀಟಾ’ ಆರಂಭಿಸಿದರು. ಕೂಟ ಶುರುವಾಗಿ ಎರಡು ತಿಂಗಳೂ ಆಗಿರಲಿಲ್ಲ, ಮಾರ್ಚ್ 3ರಂದು ಹೆಂಗಸರಿಗೆ ಮತದಾನದ ಹಕ್ಕು ಕೇಳುವ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದರು. ಕರಿಯ ಹೆಂಗಸರು ಹಿಂದಿನ ಸಾಲಿಗೆ ಹೋಗಲಿ ಅನ್ನುವ ಒತ್ತಡ ಇದ್ದ ಮೆರವಣಿಗೆ ಅದು! 2021ರಲ್ಲಿ ಅಮೆರಿಕದ ಉಪಾಧ್ಯಕ್ಷೆಯಾದ ಕಮಲಾ ಹ್ಯಾರಿಸ್ ಓದಿದ್ದು ಅದೇ ಹೋವರ್ಡ್‌ನಲ್ಲಿ, ಅವರು ಸೇರಿದ್ದು ಆ 1908ರ ಕೂಟವನ್ನೇ. ಚುನಾವಣೆಗೆ ನಿಂತಾಗ ದೇಶದ ಮೂಲೆಮೂಲೆಯ ‘ಸೋದರಿಯರು’ ಬೆನ್ನಿಗೆ ನಿಂತರು.

ಅದು ಅಲ್ಲಿಯ ಮಾತಾಯಿತು. ನಮ್ಮಲ್ಲಿ ಏನು ಕಡಿಮೆ? ‘ಅಕ್ಕನ ಬಳಗ’ ಅನ್ನುವ ಹೆಸರೇ ನಮಗಿದೆಯಲ್ಲ. ಅಕ್ಕಮಹಾದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳು ಊರೂರಲ್ಲಿ ಕಟ್ಟಿಕೊಂಡ ಕೂಟಗಳು ಅವು. ನಂಜನಗೂಡಿನ ತಿರುಮಲಾಂಬಾ ಬಾಲ್ಯದಲ್ಲೇ ವಿಧವೆಯಾದವರು. ಮನೆಯ ಮೂಲೆಯಲ್ಲಿ ಕೂರುವ ಬದಲು ‘ಸತೀ ಹಿತೈಷಿಣಿ’ ಅನ್ನುವ ಗ್ರಂಥಮಾಲೆ ನಡೆಸಿದರು. ಆರ್. ಕಲ್ಯಾಣಮ್ಮನವರದೂ ಅದೇ ಹಣೆಬರಹ. ಅವರು ‘ಸರಸ್ವತಿ’ ಮಾಸಪತ್ರಿಕೆ ತಂದರು, 1938ರಲ್ಲಿ ‘ಮಕ್ಕಳ ಕೂಟ’ ಕಟ್ಟಿದರು. ನಮ್ಮ ವಿಜಯನಗರಕ್ಕೆ ದೂರವೇನಲ್ಲದ ಚಾಮರಾಜಪೇಟೆಯಲ್ಲಿದೆ ಅದು. ಇವರ ಸಾಧನೆ ಇವರೊಬ್ಬರದೇ ಆಗಿ ಉಳಿಯಲಿಲ್ಲ. ಓದು ಬರಹದ ಹಂಬಲ ಇದ್ದ ಮನೆಯೊಳಗಿನ ಹೆಂಗಸರಿಗೆ ಅದು ಬಾಗಿಲಾಯಿತು.

ಇನ್ನೊಂದು ಉದಾಹರಣೆ ಹೇಳಲೇಬೇಕು. ರಾಜೇಶ್ವರಿ ಚಟರ್ಜಿ ಅವರ ಹೆಸರು ಕೇಳಿದ್ದೀರಲ್ಲ? ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದವರು. 1922ರಲ್ಲಿ ಹುಟ್ಟಿ, ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಅಮೆರಿಕದ ಮಿಶಿಗನ್‌ನಲ್ಲಿ ಪಿಎಚ್‌ಡಿ ಮುಗಿಸಿ, 1953ರಲ್ಲಿ ಮರಳಿ ಬಂದು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಮೈಕ್ರೊವೇವ್, ಆಂಟೆನಾ ವಿಷಯಗಳನ್ನು ಕಲಿಸಿದರು. ಇಷ್ಟು ಬರೆದರೆ ‘ಸಾಧನೆ’ ಕಾಲಂ ತುಂಬಿ ತುಳುಕುತ್ತೆ. ಆದರೆ ಅವರು ಚಿಕ್ಕಂದಿನಲ್ಲಿ ಓದಿದ್ದು ಎಲ್ಲಿ? ಅಜ್ಜಿ ಕಮಲಮ್ಮ ದಾಸಪ್ಪ ಆರಂಭಿಸಿದ ಶಾಲೆಯಲ್ಲಿ, ಮಹಿಳಾ ಸೇವಾ ಸಮಾಜದ ಆಶ್ರಯದಲ್ಲಿ. ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು ಆ ಅಜ್ಜಿ. ಓದಿದ ನಾಲ್ಕು ಹೆಂಗಸರು ಒಟ್ಟಿಗೆ ಕೂತು ‘ಉಳಿದ ಹೆಣ್ಣುಮಕ್ಕಳ ಗತಿಯೇನು?’ ಅಂತ ಕೇಳಿಕೊಂಡದ್ದರಿಂದ ಆ ಸಮಾಜ ಹುಟ್ಟಿತು. ವಿಜ್ಞಾನಿಯ ಹೆಸರು ಪುಸ್ತಕದಲ್ಲಿ ಬಂತು. ಅಲ್ಲಿ ಬೆಂಚು ಹಾಕಿಸಿದವರ, ಮನೆಮನೆಗೆ ಹೋಗಿ ‘ನಿಮ್ಮ ಹುಡುಗೀನ ಕಳಿಸಿ’ ಅಂದವರ ಹೆಸರು ಯಾವ ಫಾರಮ್ಮಿನಲ್ಲೂ ಇಲ್ಲ.

1979ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಲೇಖಕಿಯರ ಸಂಘ ಶುರುವಾದಾಗಲೂ ಹಾಗೇ. ನಗೆಬರಹದ ಟಿ. ಸುನಂದಮ್ಮ ಅದರ ಮೊದಲ ಅಧ್ಯಕ್ಷೆ. ಅಡುಗೆಮನೆ ಕೆಲಸ ಮುಗಿಸಿ ಬರೆಯುವವರನ್ನು ‘ಅಡುಗೆಮನೆ ಸಾಹಿತ್ಯ’ ಅಂತ ಗೇಲಿ ಮಾಡುತ್ತಿದ್ದ ಕಾಲ. ಒಬ್ಬೊಬ್ಬರೇ ಇದ್ದಿದ್ದರೆ ಆ ಗೇಲಿಗೆ ಕುಗ್ಗಿ ಪೆನ್ನು ಮುಚ್ಚಿಡುವವರೂ ಇರುತ್ತಿದ್ದರೇನೋ. ಸಂಘ ಇವತ್ತಿಗೂ ನಡೆಯುತ್ತಿದೆ, ದತ್ತಿ ಬಹುಮಾನ ಕೊಡುತ್ತಿದೆ.

ಫೋನ್ ಮಾಡಿ, ಮೆಸೇಜ್ ಬೇಡ

ಸರಿ, ನಿಮ್ಮ ಗುಂಪಿಗೆ ಬರೋಣ. ಮೊದಲ ಕೆಲಸ, ಆ ‘ಸಾಧನೆ’ ಕಾಲಂ ತೆಗೆದುಹಾಕಿ. ಅದರ ಜಾಗಕ್ಕೆ ‘ಮನೆಗೆ ಹತ್ತಿರದ ಬಸ್ ಸ್ಟಾಪು’, ‘ಯಾವ ವಾರ, ಎಷ್ಟು ಗಂಟೆಗೆ ಬಿಡುವು’ ಅಂತ ಹಾಕಿ. ಸಾಧಕಿಯರಿಗೆ ಸನ್ಮಾನ ಬೇಡವೇ ಅಂತೀರಾ? ಮಾಡಿ. ಆದರೆ ಶಾಲು ಹಾರ ಹಾಕಿ ಐವರನ್ನು ವೇದಿಕೆ ಮೇಲೆ ಕೂರಿಸಿ, ಉಳಿದ ನಲವತ್ತು ಜನ ಕೆಳಗೆ ಕೂತು ಚಪ್ಪಾಳೆ ತಟ್ಟಿದರೆ ಮುಂದಿನ ವರ್ಷ ಆ ನಲವತ್ತರಲ್ಲಿ ಎಷ್ಟು ಜನ ಬರುತ್ತಾರೆ, ನೀವೇ ಎಣಿಸಿ. ದುಂಡಗೆ ಕುರ್ಚಿ ಹಾಕಿ, ಪ್ರತಿಯೊಬ್ಬರಿಗೂ ಎರಡು ನಿಮಿಷ. ಮಾತಾಡಲು ಮುಜುಗರಪಡುವವಳ ಬಗ್ಗೆ ಅವಳ ಪಕ್ಕದ ಗೆಳತಿ ಹೇಳಲಿ.

ಬಾರದೆ ಉಳಿದವಳಿಗೆ ಫೋನ್ ಮಾಡಿ. ಗುಂಪಿನಲ್ಲಿ ‘ಫಲಾನಿ ಎಲ್ಲಿ ಕಾಣ್ತಾನೇ ಇಲ್ಲ’ ಅಂತ ಬರೆಯಬೇಡಿ. ಅದು ಕರೆದ ಹಾಗಲ್ಲ, ಹಾಜರಿ ಕೂಗಿದ ಹಾಗೆ. ಹಿಂದೆ ಅವಳಿಗೆ ಹತ್ತಿರ ಇದ್ದ ಒಬ್ಬಳೇ ಒಬ್ಬಳು, ಮಧ್ಯಾಹ್ನ ಊಟವಾದ ಮೇಲಿನ ಹೊತ್ತಿನಲ್ಲಿ ಮಾತಾಡಲಿ.

‘ಏನೇ, ಯಾಕೆ ಬರಲಿಲ್ಲ?’ ಅಂತ ಶುರುಮಾಡಿದರೆ ಅವಳು ಸುಳ್ಳು ಹೇಳಬೇಕಾಗುತ್ತೆ. ‘ಬುಧವಾರ ನಿಮ್ಮ ಮನೆ ಕಡೆ ಬರ್ತಿದ್ದೀನಿ ಕಣೇ, ಅರ್ಧ ಗಂಟೆ ಇರ್ತೀಯಾ?’ ಅಂದರೆ ಸಾಕು. ಬಾರದಿರಲು ಏನೇನೋ ಕಾರಣ ಇರುತ್ತೆ. ಊಟಕ್ಕೆ ಅಂತ ಕೇಳಿದ ಸಾವಿರದೈನೂರು ರೂಪಾಯಿ ಅವಳಿಗೆ ಹೆಚ್ಚಾಗಿರಬಹುದು. ಮಗಳ ಡೈವೋರ್ಸ್ ಆಗಿರಬಹುದು, ‘ಅಳಿಯ ಏನ್ಮಾಡ್ತಾನೆ?’ ಅನ್ನುವ ಪ್ರಶ್ನೆಗೆ ಹೆದರಿರಬಹುದು. ಮಂಡಿ ನೋವಿಗೆ ಮೊದಲ ಮಹಡಿಯ ಹಾಲು ಹತ್ತಲಾರದೆ ಇದ್ದಿರಬಹುದು. ಕೇಳಿದ್ದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಸಂಜೆಯೊಳಗೆ ಇಡೀ ಬ್ಯಾಚಿಗೆ ಗೊತ್ತಾದರೆ ಅವಳು ಇನ್ನು ನಿಮ್ಮ ಫೋನೂ ಎತ್ತೋದಿಲ್ಲ.

ವರ್ಷಕ್ಕೊಂದು ದೊಡ್ಡ ಸಮಾಗಮಕ್ಕಿಂತ ತಿಂಗಳಿಗೊಂದು ಸಣ್ಣ ಭೇಟಿ ಮೇಲು. ಈಗಂತೂ ಅನುಕೂಲ ಜಾಸ್ತಿ. ಕೆಂಗೇರಿಯವಳು ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಸೀದಾ ಅತ್ತಿಗುಪ್ಪೆ, ವಿಜಯನಗರ. ರಾಜಾಜಿನಗರದವಳು ಹಸಿರು ಮಾರ್ಗದಲ್ಲಿ ಬಂದು ಮೆಜೆಸ್ಟಿಕ್ಕಿನಲ್ಲಿ ಬದಲಿಸಿದರಾಯಿತು. ಬಸವೇಶ್ವರನಗರದವಳಿಗೆ ಮಾತ್ರ ಮನೆ ಹತ್ತಿರ ಮೆಟ್ರೊ ಇಲ್ಲ, ಬಸ್ಸೇ ಗತಿ. ಆದರೆ 2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಬಂದ ಮೇಲೆ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಗುರುತಿನ ಚೀಟಿ ಇದ್ದರೆ ಸಾಕು. ಗಂಡನ ಹತ್ತಿರ ಬಸ್‌ಚಾರ್ಜಿಗೆ ಕೈಚಾಚುವ ಸಂಕಟವಾದರೂ ತಪ್ಪಿತಲ್ಲ! ಹನ್ನೊಂದಕ್ಕೆ ಸೇರಿ ಮೂರರೊಳಗೆ ಬಿಟ್ಟುಬಿಡಿ, ಮೊಮ್ಮಕ್ಕಳು ಸ್ಕೂಲಿಂದ ಬರುವ ಹೊತ್ತಿಗೆ ಎಲ್ಲರೂ ಮನೆಯಲ್ಲಿರಬಹುದು. ಹೋಟೆಲ್ಲೇ ಆಗಬೇಕೆಂದಿಲ್ಲ. ಪಾರ್ಕಿನ ಬೆಂಚು, ಮನೆಯಿಂದ ತಂದ ಚಿತ್ರಾನ್ನ. ಯಾರ ಮನೆಯಲ್ಲೂ ಸರದಿ ಪ್ರಕಾರ ಇಟ್ಟುಕೊಳ್ಳಬೇಡಿ. ಒಬ್ಬಳ ಮನೆ ದೊಡ್ಡದು, ಇನ್ನೊಬ್ಬಳದು ಒಂದೇ ರೂಮಿನದು. ಸರದಿ ಬರುವ ಮೊದಲೇ ಎರಡನೆಯವಳು ಬಿಟ್ಟುಹೋಗುತ್ತಾಳೆ.

ಇದೆಲ್ಲ ಬರೀ ಹರಟೆಗೆ ಅಂತ ಮನೆಯವರು ಮೂಗುಮುರಿದರೆ ಹೇಳಿ. ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಶೆಲ್ಲಿ ಟೇಲರ್ ಮತ್ತು ಸಂಗಡಿಗರು 2000ದಲ್ಲಿ ಒಂದು ವಾದ ಮುಂದಿಟ್ಟರು. ಒತ್ತಡ ಬಂದರೆ ಜೀವಿ ಕಾದಾಡುತ್ತೆ, ಇಲ್ಲವೇ ಓಡುತ್ತೆ ಅನ್ನೋದು ಹಳೇ ನಂಬಿಕೆ. ಆ ಪ್ರಯೋಗಗಳೆಲ್ಲ ಹೆಚ್ಚಾಗಿ ನಡೆದದ್ದು ಗಂಡುಗಳ ಮೇಲೆ. ಹೆಣ್ಣು ಅಂಥ ಹೊತ್ತಿನಲ್ಲಿ ಮಕ್ಕಳನ್ನು ಅವಚಿಕೊಳ್ಳುತ್ತಾಳೆ, ಗೆಳತಿಯರನ್ನು ಕೂಡಿಕೊಳ್ಳುತ್ತಾಳೆ ಅಂತ ಇವರು ಹೇಳಿದರು. ನೀರಿನ ನಲ್ಲಿಯ ಹತ್ತಿರ ನಿಲ್ಲುತ್ತಿದ್ದ ನಮ್ಮ ಅಮ್ಮಂದಿರಿಗೆ ಇದು ಗೊತ್ತಿತ್ತು ಅನ್ನಿ.

ಹದಿಮೂರನೆಯ ದಿನದ ಮೇಲೆ

ಗೆಳತಿಯ ಗಂಡ ತೀರಿಕೊಂಡಾಗ ಮೊದಲ ಹದಿಮೂರು ದಿನ ಮನೆ ತುಂಬ ಜನ. ಹದಿನಾಲ್ಕನೆಯ ದಿನ ಮನೆ ಬಿಕೋ ಅನ್ನುತ್ತೆ. ಹಳೇ ಗೆಳತಿಯರ ಕೆಲಸ ಶುರುವಾಗಬೇಕಾದ್ದು ಆಗಲೇ. ಹೂವಿನ ಚಿತ್ರ, ಕೈಮುಗಿದ ಚಿತ್ರ ಕಳಿಸಿದರೆ ಮುಗಿಯಿತು ಅಂದುಕೊಂಡರೆ ಅದು ಸೋದರಿತನ ಹೇಗಾದೀತು?

ಇಬ್ಬರು ಸೇರಿ ಅವಳ ಜೊತೆ ಕೂತು ಕಾಗದಪತ್ರ ನೋಡಿ. ಮರಣದ ನೋಂದಣಿ 21 ದಿನದೊಳಗೆ ಆಗಬೇಕು, ತಡವಾದರೆ ಓಡಾಟ ಹೆಚ್ಚು. ಮರಣ ಪ್ರಮಾಣಪತ್ರದ ಐದಾರು ಪ್ರತಿ ಒಟ್ಟಿಗೇ ತೆಗೆದಿಟ್ಟುಕೊಳ್ಳಲಿ. ಬ್ಯಾಂಕು, ಎಲ್‌ಐಸಿ, ಪಿಎಫ್, ಫ್ಯಾಮಿಲಿ ಪೆನ್ಷನ್, ಮನೆಯ ಖಾತೆ ಬದಲಾವಣೆ, ಗ್ಯಾಸ್ ಕನೆಕ್ಷನ್ ಎಲ್ಲಕ್ಕೂ ಕೇಳುತ್ತಾರೆ. ನಿಮ್ಮ ಬ್ಯಾಚಿನಲ್ಲಿ ಬ್ಯಾಂಕಿನಿಂದ ರಿಟೈರ್ ಆದವಳು ಇದ್ದೇ ಇರುತ್ತಾಳೆ, ಅವಳ ಸಾಧನೆ ಈಗ ಕೆಲಸಕ್ಕೆ ಬರಲಿ. ಮೊದಲ ಸಲ ಕೌಂಟರ್ ಮುಂದೆ ನಿಂತವಳ ಪಕ್ಕದಲ್ಲಿ ನೀವೊಬ್ಬರು ನಿಂತಿದ್ದರೆ ಗುಮಾಸ್ತನ ದನಿಯೂ ಒಂಚೂರು ತಗ್ಗುತ್ತೆ. ಗಡಿಬಿಡಿಯಲ್ಲಿ ಮಕ್ಕಳೋ ಮೈದುನನೋ ಖಾಲಿ ಕಾಗದದ ಮೇಲೆ ಸಹಿ ಕೇಳಿದರೆ ‘ಓದಿ ನೋಡಿ ಹಾಕ್ತೀನಿ’ ಅನ್ನುವ ಧೈರ್ಯ ಅವಳಿಗೆ ಬರುವುದೂ ನೀವು ಜೊತೆಗಿದ್ದರೇನೇ.

ಅವಳು ಊಟ ಬಿಟ್ಟು, ನಿದ್ದೆ ಬಿಟ್ಟು, ‘ನಾನ್ಯಾಕಿರಬೇಕು’ ಅನ್ನತೊಡಗಿದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಅವಳ ಜೊತೆಯಲ್ಲೇ ಕೂತು ಫೋನ್ ಮಾಡಿಸಿ, ಕನ್ನಡದಲ್ಲೇ ಮಾತಾಡಬಹುದು. ಮನೆಯೊಳಗೆ ಹೊಡೆತ ಬಡಿತ ಇದೆ ಅಂತ ಗೊತ್ತಾದರೆ ಮಹಿಳಾ ಸಹಾಯವಾಣಿ 181. ಈ ಎರಡೂ ನಂಬರು ಗುಂಪಿನ ಪ್ರತಿಯೊಬ್ಬಳ ಮೊಬೈಲಿನಲ್ಲೂ ಇರಲಿ.

ದುಡ್ಡಿನ ಮಾತು

ಸ್ನೇಹ ಕೆಡುವುದು ಹೆಚ್ಚಾಗಿ ಎರಡು ಕಡೆ. ಒಂದು ಮಕ್ಕಳ ಹೋಲಿಕೆ, ಇನ್ನೊಂದು ದುಡ್ಡು.

ಈ ವಿಷಯದಲ್ಲಿ ಓದಿದ ನಾವು ಸ್ತ್ರೀಶಕ್ತಿ ಗುಂಪಿನವರಿಂದ ಕಲಿಯಬೇಕು. ಕರ್ನಾಟಕದಲ್ಲಿ 2000ದಲ್ಲಿ ಆ ಯೋಜನೆ ಶುರುವಾಯಿತು. ಹದಿನೈದು ಇಪ್ಪತ್ತು ಹೆಂಗಸರು, ವಾರ ವಾರ ಸಭೆ, ವಾರ ವಾರ ಸಣ್ಣ ಉಳಿತಾಯ. ಅಲ್ಲಿ ಒಬ್ಬಳು ಒಂದು ವಾರ ಬರಲಿಲ್ಲ ಅಂದರೆ ಅವತ್ತೇ ಗೊತ್ತಾಗುತ್ತೆ, ಲೆಕ್ಕದ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಜಾಗ ಖಾಲಿ. ಸಂಜೆಗೆ ಯಾರೋ ಅವಳ ಮನೆ ಬಾಗಿಲಲ್ಲಿ. ಪಿಯುಸಿ, ಡಿಗ್ರಿ ಮುಗಿಸಿದ ನಮ್ಮ ಗುಂಪಿನಲ್ಲಿ ಒಬ್ಬಳು ಆರು ತಿಂಗಳು ಮಾಯವಾದರೂ ಕೇಳುವವರಿಲ್ಲ.

ಮೂವತ್ತು ಜನ ತಿಂಗಳಿಗೆ ಇನ್ನೂರು ರೂಪಾಯಿ ಹಾಕಿದರೆ ವರ್ಷಕ್ಕೆ 72,000. ಒಬ್ಬಳ ಆಸ್ಪತ್ರೆ ಅಡ್ವಾನ್ಸ್‌ಗೆ, ಇನ್ನೊಬ್ಬಳ ಮಗನ ಫೀಸಿನ ಕೊನೇ ದಿನಕ್ಕೆ ಅಷ್ಟು ಆಸರೆ ಸಣ್ಣದಲ್ಲ. ಇನ್ನೂರು ಕಷ್ಟ ಅನ್ನುವವಳು ಇಪ್ಪತ್ತು ಹಾಕಲಿ, ಯಾರೆಷ್ಟು ಹಾಕಿದರು ಅನ್ನೋದು ಲೆಕ್ಕ ಬರೆಯುವ ಇಬ್ಬರಿಗಷ್ಟೇ ಗೊತ್ತಿರಲಿ. ನೆರವನ್ನು ಸಾಲ ಅಂತ ಕೊಡಬೇಡಿ. ‘ಇಷ್ಟರವರೆಗೆ ಕೊಡ್ತೀವಿ, ವಾಪಸ್ ಬೇಡ, ಕೈಗೂಡಿದಾಗ ನಿಧಿಗೆ ಹಾಕು’ ಅನ್ನಿ. ಸಾಲಗಾರ್ತಿ ಮುಂದಿನ ಸಭೆಗೆ ಬರುವುದಿಲ್ಲ, ನಿಮ್ಮ ದುಡ್ಡೂ ಹೋಯಿತು, ಗೆಳತಿಯೂ ಹೋದಳು.

ಚೀಟಿ? ಖಂಡಿತ ಬೇಡ. ಗೆಳತಿಯರೇ ಸೇರಿ ಚೀಟಿ ಹಾಕುವ ಆಸೆ ಎಲ್ಲ ಗುಂಪಿನಲ್ಲೂ ಒಂದು ದಿನ ಹುಟ್ಟುತ್ತೆ. 1982ರ ಚಿಟ್ ಫಂಡ್ ಕಾಯ್ದೆ ಇದೆ. ನೋಂದಣಿ ಇಲ್ಲದ ಚೀಟಿ ನಡೆಸಿ ಒಬ್ಬಳು ಕೈಯೆತ್ತಿದರೆ ಪೊಲೀಸ್ ಸ್ಟೇಷನ್ ಮೆಟ್ಟಿಲಲ್ಲಿ ಬ್ಯಾಚಿನ ಸಮಾಗಮ ನಡೆಯುತ್ತೆ. ಹಾಗೇ ಗುಂಪಿನಲ್ಲಿ ಪಾಲಿಸಿ, ಪೌಡರ್ ಡಬ್ಬ, ಸೀರೆ ಮಾರುವುದಕ್ಕೂ ಒಂದು ಗೆರೆ ಎಳೆಯಿರಿ. ಸೀರೆ ಮಾರುವ ಗೆಳತಿಯದು ಹೊಟ್ಟೆಪಾಡು, ಅವಳಿಗೆ ತಿಂಗಳಿಗೊಂದು ದಿನ ಬಿಟ್ಟುಕೊಡಿ. ‘ಮೂರು ಜನರನ್ನ ಸೇರಿಸು, ಕಮಿಷನ್ ಬರುತ್ತೆ’ ಅನ್ನುವ ವ್ಯಾಪಾರಕ್ಕೆ ಮಾತ್ರ ಜಾಗ ಬೇಡವೇ ಬೇಡ.

ದುಡ್ಡು ಬೆಳೆದ ಮೇಲೆ ಸಂಘವನ್ನು ನೋಂದಾಯಿಸುವುದು ಒಳ್ಳೆಯದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಇದ್ದರೆ ಸಾಕು. ಬೈಲಾ ಬರೆದುಕೊಳ್ಳಬೇಕು, ವರ್ಷ ವರ್ಷ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಕಡ್ಡಾಯ. ಅಧ್ಯಕ್ಷೆ ಎರಡು ವರ್ಷಕ್ಕೊಮ್ಮೆ ಬದಲಾಗಲಿ. ಎಷ್ಟೇ ಒಳ್ಳೆಯವಳಾದರೂ ಬದಲಾಗಲಿ, ಕುರ್ಚಿಗೆ ಅಂಟಿಕೊಳ್ಳುವುದು ಗಂಡಸರ ಚಟ ಮಾತ್ರ ಅಂದುಕೊಳ್ಳಬೇಡಿ!

ನಿಧಿಯಲ್ಲಿ ಒಂದು ಲಕ್ಷ ಮಿಕ್ಕಿದರೆ ನೀವು ಓದಿದ ಶಾಲೆಗೆ ದತ್ತಿ ಇಡಬಹುದು. ಅಸಲು ಮುಟ್ಟದೆ ಎಫ್‌ಡಿಯಲ್ಲಿ ಇಟ್ಟರೆ, ನೂರಕ್ಕೆ ಆರರ ಬಡ್ಡಿ ಹಿಡಿದರೂ ವರ್ಷಕ್ಕೆ ಆರು ಸಾವಿರ. ಎಲ್ಲರೂ ಮೊದಲ ರ್‍ಯಾಂಕಿನವಳಿಗೇ ಕೊಡುತ್ತಾರೆ. ಅವಳಿಗೆ ಕೊಡುವವರು ಬೇಕಾದಷ್ಟಿದ್ದಾರೆ ಬಿಡಿ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು, ತಮ್ಮನನ್ನೋ ತಂಗಿಯನ್ನೋ ನೋಡಿಕೊಂಡು, ಮತ್ತೆ ಬಂದು ಎಸ್ಸೆಸ್ಸೆಲ್ಸಿಗೆ ಕಟ್ಟಿದ ಹುಡುಗಿ ಇರುತ್ತಾಳೆ. ಅವಳ ಪರೀಕ್ಷೆ ಫೀಸು, ಬಸ್ಸು, ಒಂದು ಜೊತೆ ಯೂನಿಫಾರಂ ನಿಮ್ಮ ದತ್ತಿಯಿಂದ ಬರಲಿ. ಯಾರು ಆ ಹುಡುಗಿ ಅನ್ನೋದು ಹೆಡ್‌ಮಿಸ್ಟ್ರೆಸ್‌ಗಿಂತ ಚೆನ್ನಾಗಿ ಕ್ಲಾಸ್ ಟೀಚರಿಗೆ ಗೊತ್ತಿರುತ್ತೆ, ಅವರನ್ನೇ ಕೇಳಿ. ಅವಳ ಹೆಸರನ್ನು ವೇದಿಕೆಯಲ್ಲಿ ‘ಬಡ ವಿದ್ಯಾರ್ಥಿನಿ’ ಅಂತ ಕೂಗಿಸಬೇಡಿ, ಲಕೋಟೆಯಲ್ಲಿ ಅವಳ ತಾಯಿಯ ಕೈಗೆ ಕೊಟ್ಟರೆ ಸಾಕು. ಮಾತಾಡಲು ಜೂನ್ ಮೊದಲ ವಾರ ಹೋಗಬೇಡಿ, ಅಡ್ಮಿಷನ್ ಗಲಾಟೆಯಲ್ಲಿ ಯಾರಿಗೂ ಪುರುಸೊತ್ತಿರೋದಿಲ್ಲ. ಜುಲೈನಲ್ಲಿ ಹೋಗಿ. ಹೋಗುವಾಗ ಆ ಲೆಕ್ಕ ಹೇಳಿಕೊಟ್ಟ ಗೆಳತಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ.